ಎಡದಂಡೆ ಕಾಲುವೆಯ ಮೇಲೆ ಇಂಟರ್ನ್‌ಶಿಪ್: ಟಪಾಲಿನಿಂದ ಗೇಜಿನವರೆಗೆ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಇಂಟರ್ನ್‌ಶಿಪ್ ಕೇಳುವ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಎಡವುವುದು ಪತ್ರದ ವಿಳಾಸದಲ್ಲಿ. ತುಂಗಭದ್ರಾ ಅಣೆಕಟ್ಟೆ ಮತ್ತು ಬಲದಂಡೆಯ ಮೇಲ್ಮಟ್ಟ, ಕೆಳಮಟ್ಟದ ಕಾಲುವೆಗಳು ತುಂಗಭದ್ರಾ ಮಂಡಳಿಯ ಸುಪರ್ದಿಯಲ್ಲಿವೆ. ಕೊಪ್ಪಳ, ರಾಯಚೂರಿನ ಅಚ್ಚುಕಟ್ಟಿಗೆ ನೀರುಣಿಸುವ ಎಡದಂಡೆ ಮುಖ್ಯ ಕಾಲುವೆ ರಾಜ್ಯದ ಜಲಸಂಪನ್ಮೂಲ ಇಲಾಖೆಯ ಅಡಿ ಬರುತ್ತದೆ. ತಪ್ಪು ಕಚೇರಿಗೆ ಕೊಟ್ಟ ಪತ್ರ ಅಲ್ಲಿಂದಿಲ್ಲಿಗೆ ತಿರುಗುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ.

ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರ ಕಾಲುವೆಯ ಆ ಭಾಗವನ್ನು ನೋಡಿಕೊಳ್ಳುವ ವಿಭಾಗದ ಕಾರ್ಯಪಾಲಕ ಎಂಜಿನಿಯರರಿಗೆ ಹೋಗಬೇಕು. ಎಷ್ಟು ಜನ, ಯಾವ ತಾರೀಖಿನಿಂದ ಎಲ್ಲಿಯವರೆಗೆ ಎಂಬುದು ಅದರಲ್ಲಿರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯಲ್ಲಿ ಪತ್ರ ಪಡೆಯುವ ಟಪಾಲಿನವರ ಸೀಲು, ನಂಬರು ಹಾಕಿಸಿಕೊಳ್ಳಿ. ನಂಬರಿಲ್ಲದೆ ‘ನಮ್ಮ ಪತ್ರ ಎಲ್ಲಿದೆ ಸರ್’ ಎಂದು ಕೇಳಿದರೆ ಯಾರೂ ಹುಡುಕಿ ಕೊಡುವುದಿಲ್ಲ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತಾಗ ದುರಸ್ತಿ, ಲೈನಿಂಗ್ (ಕಾಲುವೆಯ ಒಳಮೈಗೆ ಕಾಂಕ್ರೀಟ್ ಹೊದಿಕೆ) ಕೆಲಸ ಸಿಗುತ್ತದೆ. 150 ಮಿ.ಮೀ. ಕಾಂಕ್ರೀಟ್ ಕ್ಯೂಬ್‌ಗಳನ್ನು ತುಂಬಿಸಿ, ಬಲ ಪರೀಕ್ಷಿಸಲು 7 ಮತ್ತು 28ನೇ ದಿನ ಒಡೆಸುವುದನ್ನು ನೋಡಬಹುದು. ಆದರೆ ಆಯ್ಕೆ ನಿಮ್ಮದಾದರೆ ನೀರು ಹರಿಯುವ ಕಾಲವನ್ನೇ ಹಿಡಿಯಿರಿ. ಕಾಂಕ್ರೀಟ್ ಎಲ್ಲೆಡೆ ಸಿಗುತ್ತದೆ, ಗೇಜ್ (ಕಾಲುವೆಯಲ್ಲಿ ನೀರಿನ ಎತ್ತರ ತೋರಿಸುವ ಅಳತೆಪಟ್ಟಿ) ಜಗಳ ಇಲ್ಲಿ ಮಾತ್ರ.

ಕಾಲುವೆಯ ಕೊನೆ ಭಾಗದ ರೈತರು ಕೇಳುವುದು ‘ಮೈಲ್ 69ರಾಗ ಗೇಜ್ ಎಷ್ಟೈತ್ರಿ?’ ಎಂದು. ಗೇಜ್ ತೋರಿಸುವುದು ಎತ್ತರವನ್ನು, ಹರಿವನ್ನಲ್ಲ. ಈ ವ್ಯತ್ಯಾಸವನ್ನು ಯಾವುದಾದರೂ ಉಪಕಾಲುವೆಯ ಮೇಲೆ ನೀವೇ ಅಳೆದು ನೋಡಿ. ನೇರವಾದ 50 ಅಡಿ ಗುರುತು ಮಾಡಿ, ನಿಂಬೆಹಣ್ಣು ತೇಲಿಬಿಟ್ಟು ಮೂರು ಸಲ ಸಮಯ ಹಿಡಿಯಿರಿ (ಒಣಕಡ್ಡಿ ಬೇಡ, ಗಾಳಿಗೆ ಓಡುತ್ತದೆ). ಸರಾಸರಿ 25 ಸೆಕೆಂಡ್ ಬಂದರೆ ಮೇಲ್ಮೈ ವೇಗ ಸೆಕೆಂಡಿಗೆ 2 ಅಡಿ. ತಳದಲ್ಲಿ ನೀರು ನಿಧಾನ, ಹಾಗಾಗಿ 0.85ರಿಂದ ಗುಣಿಸಿ: 1.7. ತಳದ ಅಗಲ 10 ಅಡಿ, ಗೇಜ್ 3 ಅಡಿ, ದಂಡೆಯ ಇಳಿಜಾರು 1:1 ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ 39 ಚದರ ಅಡಿ. ಇದನ್ನು 1.7ರಿಂದ ಗುಣಿಸಿದರೆ ಹರಿವು ಸುಮಾರು 66 ಕ್ಯುಸೆಕ್ (ಸೆಕೆಂಡಿಗೆ ಘನ ಅಡಿ).

ಇನ್ನು ತಳದಲ್ಲಿ ಅರ್ಧ ಅಡಿ ಹೂಳಿದ್ದರೆ? ಗೇಜ್ 3 ಅಡಿಯನ್ನೇ ತೋರಿಸುತ್ತದೆ. ವೇಗ ಅಷ್ಟೇ ಇದ್ದರೂ ನೀರು 57 ಕ್ಯುಸೆಕ್ ಮಾತ್ರ. ಕೆಳಗೆ ಯಾರಾದರೂ ಅಡ್ಡ ಕಟ್ಟಿದ್ದರಂತೂ ಗೇಜ್ ಏರುತ್ತದೆ, ಹರಿವು ಇಳಿಯುತ್ತದೆ. ಆದ್ದರಿಂದ ಗೇಜ್ ಬರೆದುಕೊಳ್ಳುವಾಗ ಪಕ್ಕದಲ್ಲೇ ಹೂಳು, ಜೊಂಡು, ಕೆಳಗಿನ ಗೇಟು ಎಷ್ಟು ತೆರೆದಿದೆ ಎಂಬುದನ್ನೂ ಬರೆಯಿರಿ. ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕಕ್ಕೆ ಒಂದೇ ಸಂಖ್ಯೆ ನೆನಪಿರಲಿ: 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ.

ದಂಡೆಯ ಮೇಲೆ ಒಬ್ಬರೇ ಓಡಾಡಬೇಡಿ, ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಜೊತೆಗಿರಲಿ. ಪಾಚಿ ಹಿಡಿದ ಲೈನಿಂಗ್ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗದು. ಯಾವ ತೂಬಿಗೆ ನೀರು ಬರುವುದಿಲ್ಲ, ಏಕೆ ಎಂಬುದು ನಕ್ಷೆಗಿಂತ ಗ್ಯಾಂಗ್‌ಮನ್‌ಗೇ ಚೆನ್ನಾಗಿ ಗೊತ್ತು. ರೈತರು ‘ನೀರು ಯಾವಾಗ ಬಿಡ್ತೀರಿ?’ ಎಂದರೆ ದಿನಾಂಕ ಹೇಳಲು ಹೋಗಬೇಡಿ. ಅದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುವ ಮಾತು.

ಎಂಬಿ ಪುಸ್ತಕ (ಆದ ಕೆಲಸದ ಅಳತೆ ಬರೆಯುವ ಮೆಷರ್‌ಮೆಂಟ್ ಬುಕ್) ಓದಲು ಕೇಳಿ, ಪೆನ್ನು ಮಾತ್ರ ತಾಗಿಸಬೇಡಿ. ಅದರ ಮೇಲೆಯೇ ಗುತ್ತಿಗೆದಾರರ ಬಿಲ್ಲು ನಿಂತಿದೆ.

ಪ್ರತಿ ಶನಿವಾರ ಡೈರಿಗೆ ಸೆಕ್ಷನ್ ಎಂಜಿನಿಯರರ ಸಹಿ ಹಾಕಿಸಿ, ಅವರಿಗೆ ವರ್ಗವಾದರೆ ಹೊಸಬರು ಹಳೆಯ ದಿನಗಳಿಗೆ ಸಹಿ ಮಾಡುವುದಿಲ್ಲ. ಪ್ರಮಾಣಪತ್ರದ ಕರಡನ್ನು ನೀವೇ ಟೈಪ್ ಮಾಡಿಸಿ, ಕೊನೆಯ ದಿನಕ್ಕೆ ವಾರ ಮೊದಲೇ ವಿಭಾಗ ಕಚೇರಿಗೆ ಕೊಡಿ.