ಪಿಕಪ್ ಇಲ್ಲದ ಹಳೆ ಜರ್ಮನ್ ಗಾಡಿ: ನಾನೇ ಕೈ ಹಾಕಿ ಹುಡುಕಿದ್ದು

ನನ್ನ ಹತ್ರ ಇರೋದು 2012ರ ಜರ್ಮನ್ ಸೆಡಾನ್, ಎರಡು ಲೀಟರ್ ಟರ್ಬೋ ಡೀಸೆಲ್, ಆಟೋಮ್ಯಾಟಿಕ್, ನಾನು ಮೂರನೇ ಓನರ್, ಓಡಿರೋದು 1,86,000 ಚಿಲ್ಲರೆ ಕಿಲೋಮೀಟರ್. ಕಂಪನಿ ಹೆಸರು ಬೇಡ, ಈ ಕಾಯಿಲೆ ಈ ವಯಸ್ಸಿನ ಯಾವ ಟರ್ಬೋ ಡೀಸೆಲ್‌ಗೆ ಬೇಕಾದ್ರೂ ಬರುತ್ತೆ.

ಆರು ತಿಂಗಳಿಂದ ಪಿಕಪ್ ಸ್ವಲ್ಪ ಸ್ವಲ್ಪವೇ ಕಮ್ಮಿ ಆಗ್ತಾ ಇತ್ತು, ಊರೊಳಗೆ ಓಡಿಸೋವಾಗ ಗೊತ್ತೇ ಆಗಲ್ಲ, ಟ್ರಾಫಿಕ್ಕಲ್ಲಿ ಯಾರಿಗೆ ಬೇಕು ಪಿಕಪ್ಪು. ಗೊತ್ತಾಗಿದ್ದು ಪುತ್ತೂರಿಂದ ಮಾವನ್ನ ಕರ್ಕೊಂಡು ಬರೋವಾಗ. ಶಿರಾಡಿ ಘಾಟಿ, ಐದು ಜನ, ಡಿಕ್ಕಿ ತುಂಬಾ ಹಲಸಿನಕಾಯಿ ತೆಂಗಿನಕಾಯಿ, ಗುಂಡ್ಯ ದಾಟಿ ಏರು ಶುರುವಾದ ಮೇಲೆ ಕಾಲು ಪೂರ್ತಿ ಒತ್ತಿದ್ರೂ ಗಾಡಿ ಎಳೀತಾನೇ ಇಲ್ಲ, ಹಿಂದೆ ಕೆಂಪು ಬಸ್ಸೊಂದು ಹಾರ್ನ್ ಮೇಲೆ ಹಾರ್ನ್. ಆಮೇಲೆ ಚೆಕ್ ಇಂಜಿನ್ ಲೈಟ್ ಬಂತು, ಮೂರು ಸಾವಿರ ಆರ್‌ಪಿಎಂ ದಾಟ್ಲಿಲ್ಲ. ಸೈಡಿಗೆ ಹಾಕಿ ಆಫ್ ಮಾಡಿ ಆನ್ ಮಾಡಿದ್ರೆ ಒಂದೆರಡು ಕಿಲೋಮೀಟರ್ ಸರಿ, ಮತ್ತೆ ಅದೇ ರಾಗ. ಮಾವ ಹಿಂದಿನ ಸೀಟಿಂದ, "ಎಂತ ಮಾರಾಯ್ರೆ, ಇದಕ್ಕಿಂತ ನಮ್ಮ ಹಳೆ ಓಮ್ನಿಯೇ ಆಗ್ತಿತ್ತಲ್ಲ" ಅಂದ್ರು. ನಾನು ರೇಡಿಯೋ ಸೌಂಡ್ ಜಾಸ್ತಿ ಮಾಡ್ದೆ.

ಬೆಂಗಳೂರಿಗೆ ಬಂದು ಒಂದು ವರ್ಕ್‌ಶಾಪ್‌ಗೆ ತೋರಿಸಿದ್ರೆ ಸ್ಕ್ಯಾನರ್ ಹಾಕಿದ್ರು, ಕೋಡ್ ಪಿ0299 ಬಂತು, ಹತ್ತೇ ನಿಮಿಷದಲ್ಲಿ ತೀರ್ಪು: "ಟರ್ಬೋ ಹೋಗಿದೆ ಸಾರ್, ಒಂದು ಲಕ್ಷದ ನಲವತ್ತು ಸಾವಿರ ಆಗುತ್ತೆ." ಬಾನೆಟ್ ಕೂಡ ಎತ್ತಿರಲಿಲ್ಲ. ಟರ್ಬೋ ಅಂದ್ರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನು, ಅದು ಕಟ್ಟೋ ಒತ್ತಡವೇ ಬೂಸ್ಟ್. ಪಿ0299 ಹೇಳೋದು ಇಷ್ಟೇ, ಕೇಳಿದಷ್ಟು ಬೂಸ್ಟ್ ಸಿಗ್ತಿಲ್ಲ ಅಂತ. ಯಾಕೆ ಸಿಗ್ತಿಲ್ಲ ಅನ್ನೋದನ್ನ ನಾವೇ ಹುಡುಕ್ಬೇಕು. ಯೋಚನೆ ಮಾಡಿ ಹೇಳ್ತೀನಿ ಅಂತ ಗಾಡಿ ವಾಪಸ್ ತಂದೆ.

ಮೊದಲು ಗೇರ್‌ಬಾಕ್ಸ್ ಮೇಲೆ ಅನುಮಾನ ಇತ್ತು, ಅದು ಬೇಗ ಮುಗೀತು, ಗೇರ್‌ಬಾಕ್ಸ್ ಸ್ಲಿಪ್ ಆದ್ರೆ ಆರ್‌ಪಿಎಂ ಏರುತ್ತೆ ಸ್ಪೀಡ್ ಏರಲ್ಲ, ನನ್ನದರಲ್ಲಿ ಆರ್‌ಪಿಎಂಮೇ ಏರ್ತಿರ್ಲಿಲ್ಲ. ಬ್ರೇಕ್ ಹಿಡ್ಕೊಂಡಿದ್ಯಾ ಅಂತ ಹತ್ತು ಕಿಲೋಮೀಟರ್ ಓಡಿಸಿ ನಾಲ್ಕು ವೀಲ್ ಹತ್ರ ಕೈ ಇಟ್ಟು ನೋಡ್ದೆ, ನಾಲ್ಕೂ ಒಂದೇ ಬಿಸಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸದು ಹಾಕ್ದೆ, ಹೇಗೂ ಟೈಮ್ ಆಗಿತ್ತು. ಏನೂ ವ್ಯತ್ಯಾಸ ಇಲ್ಲ.

ಆಮೇಲೆ ಬ್ಲೂಟೂತ್ ಓಬಿಡಿ ಅಡಾಪ್ಟರ್, ಅಂದ್ರೆ ಗಾಡಿ ಕಂಪ್ಯೂಟರ್‌ಗೆ ಸಿಕ್ಕಿಸಿದ್ರೆ ಸೆನ್ಸರ್ ನಂಬರ್‌ಗಳನ್ನ ಫೋನಲ್ಲಿ ತೋರಿಸೋದು, ತಗೊಂಡು ಲೈವ್ ಡೇಟಾ ನೋಡೋಕೆ ಕೂತೆ. ಗಾಡಿ ನಿಂತಿದೆ, ಪೆಡಲ್ ಪೂರ್ತಿ ಒತ್ತಿದೀನಿ, ಸ್ಕ್ರೀನಲ್ಲಿ 83 ಪರ್ಸೆಂಟ್ ಅಂತಿದೆ. ಸೆನ್ಸರ್ ಹೋಯ್ತು ಅಂದ್ಕೊಂಡೆ. ಬಗ್ಗಿ ನೋಡಿದ್ರೆ ಕಳೆದ ದೀಪಾವಳಿಗೆ ಹಾಕ್ಸಿದ್ದ ದಪ್ಪ ಲೆದರ್ ಮ್ಯಾಟು, ಏಳು ಸಾವಿರದ್ದು, ಪೆಡಲ್ ಕೆಳಗೆ ಹಾಸಿಗೆ ತರ ಕೂತಿದೆ! ಅದನ್ನ ಕಿತ್ತು ಒತ್ತಿದ್ರೆ 100. ಹೆಂಡತಿ ಹತ್ರ ಹೇಳೋಕೆ ನಾಚ್ಕೆ ಆಯ್ತು. ಆದ್ರೆ ಲೈಟ್ ಹತ್ತೋಕೆ, ಘಟ್ಟದಲ್ಲಿ ನಿಲ್ಲೋಕೆ ಅದೊಂದೇ ಕಾರಣ ಆಗೋ ಹಾಗಿರ್ಲಿಲ್ಲ.

ಮುಂದೆ ಬೂಸ್ಟ್. ಇಂಜಿನ್ ಆಫ್, ಕೀ ಮಾತ್ರ ಆನ್ ಇಟ್ಟಾಗ ಪ್ರೆಶರ್ ಸೆನ್ಸರ್ ಹೊರಗಿನ ಗಾಳಿ ಒತ್ತಡವನ್ನೇ ತೋರಿಸ್ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ ಸುಮಾರು 910 ಮಿಲಿಬಾರ್ ಬರ್ಬೇಕು, ಮಂಗಳೂರಲ್ಲಾದ್ರೆ 1010ರ ಹತ್ರ. ನನಗೆ 912 ಬಂತು, ಸೆನ್ಸರ್ ಸುಳ್ಳು ಹೇಳ್ತಿಲ್ಲ. ಭಾನುವಾರ ಬೆಳಿಗ್ಗೆ ಐದೂವರೆಗೆ ಬಾಮೈದನ್ನ ಎಬ್ಬಿಸ್ಕೊಂಡು ಕುಣಿಗಲ್ ರೋಡಿಗೆ ಹೋದೆ, ಅವನ ಕೈಲಿ ಫೋನ್, ನಾನು 1,500 ಆರ್‌ಪಿಎಂನಿಂದ ಫುಲ್ ಒತ್ತೋದು. "ಭಾವ, ಕೇಳುದು 2200, ಸಿಕ್ಕುದು 1380" ಅಂದ. ಇಂಜಿನ್ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ 800 ಮಿಲಿಬಾರ್‌ನಷ್ಟು ವ್ಯತ್ಯಾಸ. ಜೊತೆಗೆ ಅವನು ಕನ್ನಡಿಲಿ ನೋಡಿ ಇನ್ನೊಂದು ಹೇಳ್ದ, ಹಿಂದೆ ಕಪ್ಪು ಹೊಗೆ ಬರ್ತಿದೆ ಅಂತ. ಆಗ ನಾನು ಅದಕ್ಕೆ ಬೆಲೆ ಕೊಡ್ಲಿಲ್ಲ, ತಪ್ಪು ಮಾಡ್ದೆ.

ಮನೆಗೆ ಬಂದು ಟರ್ಬೋಗೆ ಗಾಳಿ ಹೋಗೋ ಪೈಪ್ ಬಿಚ್ಚಿ ಒಳಗಿನ ಫ್ಯಾನ್ ಹಿಡಿದು ಅಲ್ಲಾಡಿಸ್ದೆ. ಅಕ್ಕಪಕ್ಕ ಚೂರು ಪ್ಲೇ ಇದ್ದೇ ಇರುತ್ತೆ, ಹಿಂದೆ ಮುಂದೆ ಇರ್ಬಾರ್ದು, ಫ್ಯಾನ್ ಅಂಚು ಗೋಡೆಗೆ ಉಜ್ಜಿರ್ಬಾರ್ದು. ಎಲ್ಲಾ ಸರಿಯಾಗಿತ್ತು. ಈ ಟರ್ಬೋಲಿ ಒಂದು ಸಣ್ಣ ರಾಡ್ ಇದೆ, ಇಂಜಿನ್ ಸ್ಟಾರ್ಟ್ ಆದ ತಕ್ಷಣ ವ್ಯಾಕ್ಯೂಮ್, ಅಂದ್ರೆ ಒಂದು ಪಂಪ್ ಸಣ್ಣ ಪೈಪಲ್ಲಿ ಗಾಳಿ ಹೀರಿದಾಗ ಬರೋ ಸೆಳೆತ, ಅದನ್ನ ಎಳ್ಕೊಳ್ಬೇಕು, ಆಗ ಒಳಗಿನ ರೆಕ್ಕೆಗಳು ಮುಚ್ಚಿ ಬೂಸ್ಟ್ ಕಟ್ಟುತ್ತೆ. ಹೆಂಡತಿಗೆ ಸ್ಟಾರ್ಟ್ ಮಾಡು ಅಂದು ನಾನು ಟಾರ್ಚ್ ಬಿಟ್ಕೊಂಡು ನೋಡ್ತಾ ನಿಂತೆ, ರಾಡ್ ಅರ್ಧ ಬಂದು ನಿಂತ್ಬಿಡ್ತು, ಮನಸ್ಸಿಲ್ಲದವರು ಕೈ ಕುಲುಕಿದ ಹಾಗೆ.

ಬೆಂಗಳೂರಿನ ಗಾಡಿ ಸ್ಪೇರ್ ಅಂಗಡಿಗಳ ಜೆ.ಸಿ. ರೋಡಿಂದ ಒಂದು ವ್ಯಾಕ್ಯೂಮ್ ಗೇಜ್ ತಂದೆ. ಪಂಪ್ ಹತ್ರ 25 ಇಂಚು. ಬೆಂಗಳೂರಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ, ಅದಕ್ಕಿಂತ ಜಾಸ್ತಿ ವ್ಯಾಕ್ಯೂಮ್ ಬರೋಕೆ ಸಾಧ್ಯನೇ ಇಲ್ಲ, ಆದ್ರಿಂದ ಸಮುದ್ರ ಮಟ್ಟದ ಲೆಕ್ಕದಲ್ಲಿ ಬರೆದಿರೋ ನಂಬರ್ ನೋಡಿ ಪಂಪ್ ಬದಲಾಯಿಸೋಕೆ ಹೋಗ್ಬೇಡಿ. ಟರ್ಬೋ ತುದೀಲಿ ಅದೇ ಗೇಜ್ ಹಾಕಿದ್ರೆ ಬರೀ 11. ಮಧ್ಯದಲ್ಲಿ ಎಲ್ಲೋ ಸೋರ್ತಿದೆ. ಪೆನ್ಸಿಲ್‌ಗಿಂತ ಸಣ್ಣ ಪೈಪು, ಮೇಲೆ ನೂಲಿನ ಹೆಣಿಗೆ, ಬೆರಳಲ್ಲಿ ಮುಟ್ಕೊಂಡು ಹೋದ್ರೆ ಇಂಜಿನ್ ಕವರ್ ಕೆಳಗೆ ಬಿಸಿಗೆ ಹಪ್ಪಳದ ತರ ಆಗಿ ಬಗ್ಗಿಸಿದ ಜಾಗದಲ್ಲಿ ಮುರಿದಿತ್ತು. ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ, ನೂಲು ಹಿಡ್ಕೊಂಡಿರುತ್ತಲ್ಲ. ಎರಡು ಮೀಟರ್ ಹೊಸ ಪೈಪ್, ಮುನ್ನೂರು ರೂಪಾಯಿ ಒಳಗೆ.

ಮತ್ತೆ ಕುಣಿಗಲ್ ರೋಡು, ಮತ್ತೆ ಬಾಮೈದ. ಈಗ 1,950. ಗಾಡಿಗೆ ಜೀವ ಬಂತು, ಲೈಟೂ ಬರ್ಲಿಲ್ಲ, ಆದ್ರೂ 2,200 ಮುಟ್ತಿಲ್ಲ, ಹೊಗೆ ಮೊದಲಿಗಿಂತ ಜಾಸ್ತಿ.

ಆ ಹೊಗೆ ಬಗ್ಗೆ ಹೇಳಿಕೊಟ್ಟಿದ್ದು ನಮ್ಮ ಏರಿಯಾದ ಹಳೇ ಡೀಸೆಲ್ ಮೆಕ್ಯಾನಿಕ್ ಒಬ್ರು, ಟೀ ಕುಡೀತಾ. ಬರೀ ವ್ಯಾಕ್ಯೂಮ್ ಸೋರಿದ್ರೆ ಟರ್ಬೋ ಗಾಳಿನೇ ಕಮ್ಮಿ ಎಳೆಯುತ್ತೆ, ಏರ್ ಫಿಲ್ಟರ್ ಹತ್ರ ಒಳಗೆ ಹೋಗೋ ಗಾಳಿ ಅಳೆಯೋ ಇನ್ನೊಂದು ಸೆನ್ಸರ್‌ಗೂ ಕಮ್ಮಿ ಕಾಣುತ್ತೆ, ಗಾಡಿ ಕಂಪ್ಯೂಟರ್ ಡೀಸೆಲ್ಲೂ ಕಮ್ಮಿ ಹಾಕುತ್ತೆ, ಹೊಗೆ ಅಷ್ಟಿರಲ್ಲ. ಆದ್ರೆ ಆ ಸೆನ್ಸರ್ ದಾಟಿದ ಮೇಲೆ ಗಾಳಿ ಹೊರಗೆ ಹೋದ್ರೆ, ಲೆಕ್ಕಕ್ಕೆ ಬಂದ ಗಾಳಿ ಇಂಜಿನ್‌ಗೆ ಸೇರಲ್ಲ, ಡೀಸೆಲ್ ಮಾತ್ರ ಆ ಲೆಕ್ಕಕ್ಕೇ ಬೀಳುತ್ತೆ, ಅದೇ ಕಪ್ಪು ಹೊಗೆ. "ಇಂಟರ್‌ಕೂಲರ್ ಪೈಪ್ ನೋಡಿ ಸಾರ್, ಎಣ್ಣೆ ಒಸರಿರುತ್ತೆ" ಅಂದ್ರು. ಇಂಟರ್‌ಕೂಲರ್ ಅಂದ್ರೆ ಟರ್ಬೋ ಒತ್ತಿದ ಬಿಸಿ ಗಾಳಿನ ಇಂಜಿನ್‌ಗೆ ಹೋಗೋ ಮೊದಲು ತಣ್ಣಗೆ ಮಾಡೋದು.

ಪಿವಿಸಿ ಎಂಡ್ ಕ್ಯಾಪ್‌ಗೆ ತೂತು ಕೊರೆದು ಟಯರ್ ವಾಲ್ವ್ ಕೂರಿಸಿ ಟರ್ಬೋ ಬಾಯಿಗೆ ಕಟ್ಟಿ ಸೈಕಲ್ ಪಂಪಲ್ಲಿ ಗಾಳಿ ಹೊಡೆದೆ, ಹತ್ತು ಪಿಎಸ್‌ಐ ಮೇಲೆ ಹೋಗ್ಲಿಲ್ಲ, ಅದಕ್ಕಿಂತ ಜಾಸ್ತಿ ಹೊಡೆದು ಇನ್ನೇನೋ ಕಿತ್ಕೊಂಡ್ರೆ ಕಷ್ಟ. ವಿಮ್ ನೀರು ಸ್ಪ್ರೇ ಮಾಡಿದ್ರೆ ಕೆಳಗಿನ ಪೈಪ್, ಕ್ಲಾಂಪ್ ಪಕ್ಕದಲ್ಲೇ, ಮೀನು ಬಾಯಿ ಬಿಟ್ಟ ಹಾಗೆ ಒಂದು ಸೀಳು ತೆರ್ಕೊಂಡು ಬುರುಬುರು ನೊರೆ. ಗಾಳಿ ಬಿಟ್ಟ ತಕ್ಷಣ ಮುಚ್ಕೊಳ್ತು, ಎಲ್ಲಿತ್ತು ಅಂತಾನೇ ಕಾಣಲ್ಲ. ಆ ಪೈಪ್ ಮಾತ್ರ ದುಬಾರಿ, ನಾಲ್ಕು ಸಾವಿರದ ಚಿಲ್ಲರೆ ಆಯ್ತು.

ಈಗ 2,170ರಿಂದ 2,190 ಬರ್ತಿದೆ, ಹೊಗೆ ಇಲ್ಲ. ಕಳೆದ ತಿಂಗಳು ಮಾವನ್ನ ಕೂರಿಸ್ಕೊಂಡು ಅದೇ ಘಾಟಿ ಹತ್ತಿದ್ವಿ, ಅವರು ಸಕಲೇಶಪುರ ಬರೋವರೆಗೂ ನಿದ್ದೆ. ಇಜಿಆರ್, ಅಂದ್ರೆ ಹೊಗೆನ ಸ್ವಲ್ಪ ವಾಪಸ್ ಇಂಜಿನ್‌ಗೇ ಕಳಿಸೋ ವಾಲ್ವ್, ಅದರ ಕ್ಲೀನಿಂಗ್ ಇನ್ನೂ ಬಾಕಿ ಇದೆ, ಮಳೆ ಮುಗೀಲಿ ಅಂತ ಕಾಯ್ತಿದೀನಿ. ಆ ಮ್ಯಾಟು ಡಿಕ್ಕಿಲೇ ಬಿದ್ದಿದೆ, ಏಳು ಸಾವಿರ ಕೊಟ್ಟಿದ್ದು, ಎಸೆಯೋಕೆ ಮನಸ್ಸು ಬರ್ತಿಲ್ಲ.