ಮ್ಯೂಲ್ ಡಿಯರ್‌ಗೂ ಕೊಂಬು ಬಡಿಯಬಹುದು: ನನ್ನ ಅನುಭವ

ಎರಡು ಕೊಂಬು ಒಂದಕ್ಕೊಂದು ಬಡಿದು, ಗಂಡುಗಳ ಕಾದಾಟದ ಸದ್ದು ಮಾಡಿ ಬೇಟೆಗೆ ಗಂಡು ಜಿಂಕೆ ಕರೆಯೋದೆಲ್ಲ ಟೆಕ್ಸಾಸಿನ ವೈಟ್‌ಟೇಲ್ ಜಿಂಕೆಗೆ ಸರಿ, ನಮ್ಮ ಕಡೆಯ ಉದ್ದ ಕಿವಿಯ ಮ್ಯೂಲ್ ಡಿಯರ್ ಜಿಂಕೆ ಕಿವಿಗೂ ಹಾಕಿಕೊಳ್ಳೋಲ್ಲ ಅಂತ ಅಮೆರಿಕದ ಕೊಲರಾಡೋದ ಹಳಬರು ಈಗಲೂ ಹೇಳ್ತಾರೆ. ಮೊದಲ ಮೂರು ವರ್ಷ ಅವರ ಮಾತೇ ನಿಜವಾಯ್ತು. ಆಮೇಲಿನ ಮೂರರಲ್ಲಿ ಸುಮಾರು 40 ಕಡೆ ಬಡಿದಿದ್ದೇನೆ, 11-12 ಕಡೆ ಗಂಡು ಬಂದಿದೆ. ಟ್ಯಾಗ್ (ಬೇಟೆಯ ಪರವಾನಗಿ) ಸಿಗದ ವರ್ಷ ಗೆಳೆಯರಿಗೆ ಬಡಿದುಕೊಟ್ಟದ್ದೂ ಇದರಲ್ಲಿ ಸೇರಿದೆ. ಈ ಲೆಕ್ಕ ತೋರಿಸಬಲ್ಲವರು ಕೊಲರಾಡೋದ ಈ ಮೀಕರ್ ಊರಿನ ಕಡೆ ಹೆಚ್ಚು ಜನ ಇಲ್ಲ.

ಮೊದಲು ದುಡ್ಡು ಹೋದ ದಾರಿ. ಪ್ಲಾಸ್ಟಿಕ್ ಕೊಂಬಿಗೆ 30 ಡಾಲರ್, ರ‍್ಯಾಟಲ್ ಬ್ಯಾಗಿಗೆ (ಉಜ್ಜಿದರೆ ಕೊಂಬಿನಂಥ ಸದ್ದು ಬರೋ, ಕಡ್ಡಿ ತುಂಬಿದ ಚೀಲ) 25. ಎರಡೂ ದಂಡ. ಗೆಳೆಯನನ್ನು ಬಡಿಯಲು ಕೂರಿಸಿ ನಾನು ದೂರ ನಡೆದು ಕೇಳಿ ನೋಡಿದೆ: ಗಾಳಿಯಿಲ್ಲದ ಬೆಳಗ್ಗೆ ಬ್ಯಾಗಿನ ಸದ್ದು 250 ಗಜಕ್ಕೇ ಸತ್ತಿತು, ನಿಜವಾದ ಕೊಂಬಿನದು 500 ದಾಟಿಯೂ ಕೇಳಿಸಿತು. ಹೊಸದಾಗಿ ಉದುರಿದ, ಕಂದು ಬಣ್ಣ ಉಳಿದಿರುವ ಜೊತೆಯೇ ಬೇಕು; ಪೌಂಡಿಗೆ 10-15 ಡಾಲರಿಗೆ ಸಿಗುತ್ತೆ. ನೀವೇ ಹೆಕ್ಕುವುದಾದರೆ, ಐ-25 ಹೆದ್ದಾರಿಯ ಪಶ್ಚಿಮದ ಸಾರ್ವಜನಿಕ ಭೂಮಿಯಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಮುಟ್ಟುವಂತಿಲ್ಲ. ಬಿಸಿಲಿಗೆ ಬಿಳಿಚಿದ ಕೊಂಬನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಅಗಸೆ ಎಣ್ಣೆ ಬಳಿದೂ ನೋಡಿದೆ. ಸ್ವಲ್ಪ ಜೀವ ಬಂತು, ಆದರೆ ಬಿರುಕು ಬಿಟ್ಟದ್ದು ಕಟ್ಟಿಗೆಯ ಹಾಗೇ ಸದ್ದು ಮಾಡುತ್ತೆ. ಹಣೆಯ ಹತ್ತಿರದ ಚಿಕ್ಕ ಕವಲು ಕೊಯ್ದು ಅರ ಹಾಕಿ, ಇಲ್ಲದಿದ್ದರೆ ಹೆಬ್ಬೆರಳು ಹೋಯ್ತು ಅಂತಲೇ ಲೆಕ್ಕ.

ಆ ಮೂರು ವರ್ಷ ಹಾಳಾಗಲು ಮುಖ್ಯ ಕಾರಣ ಕಾಲ ಮತ್ತು ಜಾಗ. ಅಕ್ಟೋಬರ್ ಕೊನೆಗೆ ಬಡಿದರೆ ಬರೋದು ಎರಡು ಕವಲಿನ ಮರಿಗಂಡು ಮಾತ್ರ. ಬೆದೆ ಪೂರ್ತಿ ಏರಿದ ಮೇಲೆ, ಹೆಣ್ಣಿನ ಹಿಂದೆ ನಿಂತ ದೊಡ್ಡ ಗಂಡಿಗೆ ಬಡಿದರೆ ಅದು ಹೆಣ್ಣುಗಳನ್ನೇ ಅಟ್ಟಿಕೊಂಡು ಗುಡ್ಡ ದಾಟುತ್ತೆ. ಹಾಗಾಗಿ ಕರೆಯಬೇಕಾದ್ದು ಹೆಣ್ಣು ಹುಡುಕುತ್ತಾ ಒಂಟಿಯಾಗಿ ಅಲೆಯೋ ಗಂಡನ್ನು. ಕಾಲ ಅಂದರೆ ಇಲ್ಲಿನ ನಾಲ್ಕು ರೈಫಲ್ ಸೀಸನ್‌ಗಳಲ್ಲಿ ಮೂರನೆಯದರ ಕೊನೆಯ ದಿನಗಳು, ಇಲ್ಲವೇ ನವೆಂಬರ್ ಮೂರನೇ ವಾರದ ಐದು ದಿನದ ನಾಲ್ಕನೇ ಸೀಸನ್. ಜಾಗ ಅಂದರೆ ಎರಡು ಹೆಣ್ಣು ಗುಂಪುಗಳ ನಡುವಿನ ಕಣಿವೆದಾರಿ, ಜುನಿಪರ್ ಮರಗಳು ಮುಗಿದು ಸೇಜ್ ಪೊದೆ ಶುರುವಾಗೋ ಅಂಚು. ಗುಂಪಿನ ಒಳಗೆ ಬಡಿಯಬೇಡಿ.

ಬೆಳಗ್ಗೆ ತಂಪುಗಾಳಿ ಇಳಿಜಾರಿನಲ್ಲಿ ಕೆಳಗಿಳಿಯುತ್ತೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತೆ. ಆ ತಿರುಗೋ ಮುಕ್ಕಾಲು ಗಂಟೆ ಸುಮ್ಮನಿರಿ. ವಾಸನೆ ಸುತ್ತಿ ಸುಳಿದು ಎಲ್ಲ ಕೆಡಿಸುತ್ತೆ. ಗಾಳಿ ಗಂಟೆಗೆ 15 ಮೈಲಿ ದಾಟಿದರೆ ಬಡಿಯೋದೇ ವ್ಯರ್ಥ.

ಬಡಿಯೋ ಕ್ರಮ: ಮೊದಲು 20-30 ಸೆಕೆಂಡ್ ಬರೀ ಕವಲುಗಳ ತುದಿ ತಾಗಿಸಿ ತಿಕ್ಕಾಟ. ಹತ್ತು ನಿಮಿಷ ಮೌನ. ಆಮೇಲೆ ಒಂದೇ ಒಂದು ಜೋರಾದ ಹೊಡೆತ, ತಕ್ಷಣ ಬುಡಕ್ಕೆ ಬುಡ ಒತ್ತಿ ತಿರುಚಬೇಕು, ಒಂದು ನಿಮಿಷ. ಜೊತೆಗೆ ಕಾಲಲ್ಲಿ ಕಲ್ಲು ಉರುಳಿಸಿ, ಒಣ ಜುನಿಪರ್ ರೆಂಬೆ ಮುರಿಯಿರಿ. ಇವುಗಳ ನಿಜವಾದ ಕಾದಾಟ ತಳ್ಳಾಟವೇ, ಟಕಟಕ ಅಂತ ಬಿಡದೆ ಬಡಿಯೋದು ಯಾವ ಗಂಡೂ ಮಾಡೋಲ್ಲ. ಎರಡನೇ ಸುತ್ತು ಮುಗಿದ ಕೂಡಲೇ ನಾನು ಮಾಡೋ ಇನ್ನೊಂದು ಸದ್ದಿದೆ, ಅದನ್ನು ಇಲ್ಲಿ ಬರೆಯೋಲ್ಲ.

ಆಮೇಲೆ ಕನಿಷ್ಠ 40 ನಿಮಿಷ ಕೂರಬೇಕು. ಇಲ್ಲೇ ಎಲ್ಲರೂ ಸೋಲೋದು. ವೈಟ್‌ಟೇಲ್ ಹಾಗೆ ಇದು ನುಗ್ಗಿ ಬರೋಲ್ಲ. 200-250 ಗಜದಲ್ಲಿ ನಿಂತು ನೋಡುತ್ತೆ, ಎಷ್ಟೋ ಸಲ ಗಾಳಿ ಹಿಡಿಯಲು ಸುತ್ತು ಹಾಕಿ ಬರುತ್ತೆ. ಜುನಿಪರ್ ಅಂಚಿನಲ್ಲಿ ಒಂದು ಕಿವಿ, ಒಂದು ಕವಲಿನ ತುದಿ, ಇಷ್ಟೇ ಕಾಣೋದು. ಹೊರಗೆ ಬಂದಾಗ ಕಿವಿ ಹಿಂದಕ್ಕೆ ಮಡಚಿ, ಮೈಕೂದಲು ನಿಮಿರಿಸಿ, ಕಾಲು ಸೆಟೆದು ಅಡ್ಡಡ್ಡ ನಡೆಯುತ್ತೆ. ನನ್ನ ಹನ್ನೊಂದು-ಹನ್ನೆರಡರಲ್ಲಿ ಏಳೋ ಎಂಟೋ 25 ನಿಮಿಷ ಕಳೆದ ಮೇಲೆ ಕಂಡವು. ಮೊದಲ ಮೂರು ವರ್ಷ ನಾನು ಹದಿನೈದಕ್ಕೇ ಎದ್ದು ಹೊರಡುತ್ತಿದ್ದೆ. ಆಗ ಎಷ್ಟು ಗಂಡು ನನ್ನ ಬೆನ್ನು ನೋಡಿ ಹೋದವೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಇಬ್ಬರಿದ್ದರೆ ಬಡಿಯೋನು 60 ಗಜ ಹಿಂದೆ, ಕೋವಿ ಹಿಡಿದವನು ಮುಂದೆ, ಗಾಳಿ ಹೋಗೋ ಕಡೆಗೆ ಸ್ವಲ್ಪ ಸರಿದು ಕೂರಲಿ. ದುರ್ಬೀನು ಕಣ್ಣಿಂದ ಇಳಿಸಬೇಡಿ.

ಊರಲ್ಲಿರೋ ತಮ್ಮಂದಿರಿಗೆ ಒಂದು ಮಾತು: ಕರ್ನಾಟಕದಲ್ಲಿ ಇದರ ಯೋಚನೆಯೂ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ, ಅಲ್ಲಿ ಕಾಡಿನಲ್ಲಿ ಉದುರಿದ ಕೊಂಬು ಹೆಕ್ಕಿ ತಂದರೂ ಕೇಸು.

ಇನ್ನು ಇಲ್ಲಿ ಕೊಲರಾಡೋದಲ್ಲಿ ರೈಫಲ್ ಸೀಸನ್ನಿನಲ್ಲಿ ಆ ಸದ್ದಿಗೆ ಬೇರೆ ಬೇಟೆಗಾರರೂ ಬರ್ತಾರೆ. 500 ಚದರ ಇಂಚು ಹೊಳೆಯೋ ಕಿತ್ತಳೆ (ಇಲ್ಲವೇ ಗುಲಾಬಿ) ಅಂಗಿ, ಟೋಪಿ ಹಾಕೋದು ಕಾನೂನು. ಅದರ ಮೇಲೆ ಕೊಂಬನ್ನೂ ಕಿತ್ತಳೆ ಬಟ್ಟೆಯಲ್ಲಿ ಸುತ್ತಿ ಹೊರಬೇಕು, ಬೆನ್ನಿಗೆ ಬರಿದೇ ಸಿಕ್ಕಿಸಿ ನಡೆಯಬಾರದು. ಬಂಡೆಗೋ ದಪ್ಪ ಮರಕ್ಕೋ ಬೆನ್ನು ಕೊಟ್ಟು ಕೂತೇ ಬಡಿಯಿರಿ. ದೂರದಲ್ಲಿ ಇನ್ನೊಂದು ಕಿತ್ತಳೆ ಟೋಪಿ ಕಂಡರೆ ಕೈ ಬೀಸಬೇಡಿ, ಗಟ್ಟಿಯಾಗಿ ಕೂಗಿ ಹೇಳಿ, ಆ ಜಾಗ ಅವತ್ತಿಗೆ ಬಿಟ್ಟುಬಿಡಿ.