ಅಜ್ಜನ ಉದ್ರಿ ಪುಸ್ತಕ ನಮ್ಮ ಹೋಟೆಲನ್ನು ಉಳಿಸಿದ ಬಗೆ

ಸಕಲೇಶಪುರದ ನಮ್ಮ ಹೋಟೆಲನ್ನು ಅಜ್ಜ ಯಾವ ವರ್ಷ ಶುರು ಮಾಡಿದರು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕವಿತ್ತು. ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕ ಅತ್ಯಂತ ಹಳೆಯ ಕಿರ್ದಿಯ (ದಿನದ ಲೆಕ್ಕದ ಪುಸ್ತಕದ) ಮೇಲೆ ‘ದುರ್ಮುಖಿ ಸಂವತ್ಸರ’ ಎಂದಿದೆ, ಒಳಗಿನ ಲೆಕ್ಕವೆಲ್ಲ ಆಣೆಗಳಲ್ಲಿದೆ. ಮರುವರ್ಷದ ಪುಸ್ತಕದಲ್ಲಿ ನಯಾ ಪೈಸೆ ಕಾಣಿಸಿಕೊಳ್ಳುತ್ತದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಾದ್ದರಿಂದ ಅದಕ್ಕೂ ಮೊದಲೇ ಗಲ್ಲಾ ತೆರೆದಿತ್ತು ಎಂಬುದು ಖಚಿತವಾಯಿತು. ಆದರೆ ನನಗೆ ಅನ್ನ ಕೊಟ್ಟದ್ದು ಆ ಕಿರ್ದಿಯ ಹಿಂಭಾಗದ ಉದ್ರಿ ಖಾತೆ.

ಕುಂದಾಪುರದ ಕಡೆಯಿಂದ ಘಾಟಿ ಹತ್ತಿ ಬಂದ ಅಜ್ಜ, ಮಳೆಗಾಲದಲ್ಲಿ ಕಾಫಿ ತೋಟದವರಿಗೆ ಉದ್ರಿ ಕೊಟ್ಟು ಕುಯ್ಲಿನ ತಿಂಗಳುಗಳಲ್ಲಿ ವಸೂಲಿ ಮಾಡುತ್ತಿದ್ದರು. ಅಪ್ಪನ ಕಾಲಕ್ಕೆ, 1979ರಲ್ಲಿ ಹಾಸನ–ಮಂಗಳೂರು ರೈಲು ಓಡತೊಡಗಿ, ಹೆದ್ದಾರಿಯ ಬಸ್ಸು ಲಾರಿಗಳೂ ಹೆಚ್ಚಿ, ಕೈಯಲ್ಲಿ ನಗದು ಹಿಡಿದ ಗಿರಾಕಿಗಳೇ ಸಾಕಾದರು; ಗಲ್ಲಾದ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಬಂತು. ಮುಂದೆ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು ನಿಂತುಹೋದ ಪ್ರಯಾಣಿಕರ ರೈಲು 2007ರ ಡಿಸೆಂಬರ್‌ವರೆಗೆ ಮರಳದಿದ್ದರೂ ಹೆದ್ದಾರಿ ನಮ್ಮನ್ನು ಸಾಕಿತು.

ಆ ಹೆದ್ದಾರಿಯೇ ನಿಂತದ್ದು ನಾನು ಗಲ್ಲಾದಲ್ಲಿ ಕುಳಿತ ಮೇಲೆ. 2015ರ ಜನವರಿಯಲ್ಲಿ ಕಾಂಕ್ರೀಟ್ ಕಾಮಗಾರಿಗೆ ಶಿರಾಡಿ ಘಾಟಿ ಮುಚ್ಚಿದಾಗ ದಿನಕ್ಕೆ ಸುಮಾರು 14,000 ರೂಪಾಯಿಯಿದ್ದ ವ್ಯಾಪಾರ 5,000ಕ್ಕೆ ಇಳಿಯಿತು, ಭಟ್ಟರ ಮತ್ತು ಸಪ್ಲೈಯರ್‌ಗಳ ಸಂಬಳಕ್ಕಾಗಿ ಎರಡು ಲಕ್ಷದಷ್ಟು ಸಾಲ ಮಾಡಿದೆ. 2018ರ ಜನವರಿಯಲ್ಲಿ ಮತ್ತೆ ಮುಚ್ಚಿತು. ಜುಲೈಯಲ್ಲಿ ತೆರೆದು ಉಸಿರಾಡುವಷ್ಟರಲ್ಲಿ ಆಗಸ್ಟ್‌ನ ಗುಡ್ಡ ಕುಸಿತಕ್ಕೆ ಇನ್ನೊಮ್ಮೆ ಮುಚ್ಚಿತು. ಆಗ ತೋಟದವರಿಗೆ ಉದ್ರಿ ತೆರೆಯುತ್ತೇನೆಂದೆ. ‘ಉದ್ರಿ ಕೊಟ್ಟು ಉಳಿದ ಒಂದು ಹೋಟೆಲ್ ತೋರಿಸು’ ಎಂದರು ಅಪ್ಪ. ಪಕ್ಕದ ಹೋಟೆಲಿನವರ ಮಾತೂ ಅದೇ ಆಗಿತ್ತು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ನಾನು ಒಬ್ಬೊಬ್ಬ ಆಳಿನ ಹೆಸರಿನಲ್ಲಿ ಖಾತೆ ತೆರೆದಿದ್ದೆ. ಕುಯ್ಲಿಗೆಂದು ದೂರದೂರಿನಿಂದ ಬಂದವರು ಕೆಲಸ ಮುಗಿದೊಡನೆ ಹೊರಟುಹೋದರು, ಅರವತ್ತು ಎಪ್ಪತ್ತು ಸಾವಿರ ಮುಳುಗಿತು. ಅಜ್ಜನ ಪುಸ್ತಕವನ್ನು ಮತ್ತೆ ತೆರೆದು ಸಾಲುಸಾಲಾಗಿ ನೋಡಿದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು: ಅಲ್ಲಿ ಒಂಟಿ ಹೆಸರೇ ಇಲ್ಲ. ಪ್ರತಿ ಹೆಸರಿನ ಮುಂದೆ ತೋಟದ ಹೆಸರು, ಅಂಚಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರ್‌ನ ಸಣ್ಣ ರುಜು, ಬಟವಾಡೆಯ (ಕೂಲಿ ಹಂಚುವ) ದಿನ ಬಂದ ಹಣಕ್ಕೆ ಕೆಂಪು ಶಾಯಿಯ ಗೀಟು. ಕೆಲವು ಹೆಸರುಗಳ ಪಕ್ಕದಲ್ಲಿ ಪುಟ್ಟ ಸೊನ್ನೆಯೊಂದಿದೆ. ಅದರ ಅರ್ಥ ತಿಳಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಯಾರಿಗೆ ಎಷ್ಟರವರೆಗೆ ಕೊಡಬಹುದೆಂಬುದನ್ನು ಇಂದಿಗೂ ಅದರಿಂದಲೇ ನಿರ್ಧರಿಸುತ್ತೇನೆ, ಆದ್ದರಿಂದ ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಮರುವರ್ಷದಿಂದ ತೋಟಕ್ಕೊಂದೇ ಖಾತೆ, ರೈಟರ್ ರುಜು, ಬಟವಾಡೆಯ ಸಂಜೆಯೇ ವಸೂಲಿ. ಬೆಳಿಗ್ಗೆ ಆರೂವರೆಗೆ ಇಡ್ಲಿ, ಚಿತ್ರಾನ್ನಗಳನ್ನು ಜೀಪಿನಲ್ಲಿ ತೋಟದ ಆಳುಗಳ ಲೈನ್ ಮನೆಗಳ ಬಳಿಗೆ ಕಳುಹಿಸತೊಡಗಿದೆ. 2020ರ ಲಾಕ್‌ಡೌನ್‌ನಲ್ಲಿ ತೋಟದ ಕೆಲಸಕ್ಕೆ ಅನುಮತಿ ಸಿಕ್ಕ ಮೇಲೆ, ಒಳಗಿನ ಮೇಜುಗಳು ಖಾಲಿಯಿದ್ದಾಗಲೂ ಜೀಪು ಓಡಿತು.

ಇಡ್ಲಿ ಡಬ್ಬಿಯಲ್ಲಿ ಬೆವರಿ ಒದ್ದೆಯಾಗುತ್ತಿದ್ದುದರಿಂದ ಹಲಸಿನ ಎಲೆಯ ಕೊಟ್ಟೆ ಕಡುಬನ್ನೂ ಮಾಡಿ ನೋಡಿದೆ. ಮೂರು ಗಂಟೆ ಕಳೆದರೂ ಬಿಸಿ ಆರಲಿಲ್ಲ, ರುಚಿಯೂ ಕೆಡಲಿಲ್ಲ. ಆದರೆ ಮುನ್ನೂರು ಕೊಟ್ಟೆ ಕಟ್ಟಲು ಇಬ್ಬರು ಹೆಂಗಸರಿಗೆ ಅರ್ಧ ದಿನದ ಕೂಲಿ ಬೀಳುತ್ತಿತ್ತು. ಈಗ ಸಂತೆಯ ದಿನ ಮಾತ್ರ ಮಾಡುತ್ತೇವೆ. ಆಷಾಢದ ಚಳಿಯಲ್ಲಿ ಹಿಟ್ಟು ಹುದುಗಲು ಪಾತ್ರೆಗಳನ್ನು ಆರಿದ ಸೌದೆ ಒಲೆಯ ಪಕ್ಕದಲ್ಲಿಡುವ ಅಜ್ಜಿಯ ಪದ್ಧತಿಗೇ ಮರಳಿದ್ದೇನೆ.

ಇಂದು ಹನ್ನೊಂದು ತೋಟಗಳಿವೆ, ದಿನಕ್ಕೆ ಒಂಬತ್ತು ಹತ್ತು ಸಾವಿರದ ವ್ಯಾಪಾರ ಅಲ್ಲಿಂದಲೇ ಬರುತ್ತದೆ, ನೂರಕ್ಕೆ ತೊಂಬತ್ತಾರರಷ್ಟು ವಸೂಲಾಗುತ್ತದೆ. ಹಳೆಯ ಸಾಲ ತೀರಿತು. ಈ ಸಾಧನೆಯ ಬಗ್ಗೆ ನನಗೆ ಹೆಮ್ಮೆಯಿದೆ. ಅಪ್ಪನೂ ಈಗ ಬಟವಾಡೆಯ ಸಂಜೆ ಕನ್ನಡಕ ಹಾಕಿಕೊಂಡು ಕೆಂಪು ಗೀಟು ಎಳೆಯಲು ತಾವೇ ಕೂರುತ್ತಾರೆ. ಸದ್ಯ ಒಂದು ತೋಟದಿಂದ ಹನ್ನೆರಡು ಸಾವಿರದಷ್ಟು ಬಾಕಿಯಿದೆ. ಆ ಹೆಸರಿನ ಪಕ್ಕದಲ್ಲಿ ಸೊನ್ನೆಯಿರುವುದರಿಂದ ರೊಬಸ್ಟಾ ಕುಯ್ಲು ಮುಗಿಯುವವರೆಗೆ ಕೇಳುವುದಿಲ್ಲ.